ಇಬ್ಬರಿಗೊಂದು ಆಂಪ್ಲಿಫೈಯರ್

ನಮ್ಮ ಮನೆಯ ಆಂಪ್ಲಿಫೈಯರ್ ಸುಟ್ಟುಹೋದದ್ದು ಪಂಕಜಳ ಒಂದು ಮಾತಿನ ನಡುವೆ. "ನಿಮ್ಮಂಥೋರ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ..." ಎಂಬಲ್ಲಿಗೆ ಬಲಗಡೆಯ ಸ್ಪೀಕರ್ ಒಮ್ಮೆ ಗೊರಗೊರ ಎಂದು ನಿಂತಿತು. ಪೆಟ್ಟಿಗೆಯ ನೆತ್ತಿಯ ಸೀಳುಗಳಿಂದ ಎಳೆಯಾಗಿ ಎದ್ದ ಹೊಗೆ, ಊದುಬತ್ತಿಯದರಷ್ಟೇ ನಿಧಾನವಾಗಿ ಗೋಡೆಯ ಗಡಿಯಾರದ ತನಕ ಹೋಗಿ ಕರಗಿತು. ಆಕೆಯ ತುಟಿಗಳು ಮಾತ್ರ ಇನ್ನೂ ಆಡುತ್ತಿದ್ದವು. ಆ ಮಾತು ಯಾವ ದಡ ಸೇರಲಿತ್ತೆಂದು ನನಗೆ ತಿಳಿಯಲಿಲ್ಲ. ಅರ್ಧಕ್ಕೆ ನಿಂತ ಸಾಲುಗಳ ಕವಿತೆಗಳನ್ನೇ ಬದುಕಿಡೀ ಮೆಚ್ಚಿಕೊಂಡು ಬಂದವನು ನಾನು. ಸಾಲು ಎಲ್ಲಿ ತುಂಡಾಗುತ್ತದೋ ಅಲ್ಲಿಂದಲೇ ಅರ್ಥ ಶುರುವಾಗುತ್ತದೆಂದು ಎಷ್ಟೋ ಮಂದಿಯೊಡನೆ ವಾದಿಸಿದ್ದೇನೆ. ನನ್ನದೇ ನಡುಮನೆಯಲ್ಲಿ ಒಂದು ಸಾಲು ಹಾಗೆ ತುಂಡಾದಾಗ ಮಾತ್ರ, ಅದು ಪೂರ್ತಿಯಾಗಬಾರದಿತ್ತೆ ಎಂದು ಹಂಬಲಿಸಿದೆ.

ನಮ್ಮ ಊರಿನಲ್ಲಿ ತಲೆ ಪೂರ್ತಿ ನರೆಯುವ ಹೊತ್ತಿಗೆ ದನಿ ಗಂಟಲನ್ನು ಬಿಟ್ಟು ಮನೆಯ ಸ್ಪೀಕರುಗಳಿಗೆ ಹೊರಟುಹೋಗುತ್ತದೆ. ಗಂಡನದು ಎಡಕ್ಕೆ, ಹೆಂಡತಿಯದು ಬಲಕ್ಕೆ. ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಮೈಕು ಇರುತ್ತದೆ. ಗಂಟಲಲ್ಲಿ ಉಳಿಯುವುದು ಕಿವಿಗೆ ಬಾಯಿ ಹಚ್ಚಿದರಷ್ಟೇ ಕೇಳುವ ಪಿಸುಮಾತು. ಹೀಗಾಗಿ ನಮ್ಮ ಹಿರಿಯರು ಮನೆಯೊಳಗೆ ವಾಚಾಳಿಗಳು, ಹೊರಗೆ ಮೌನಿಗಳು. ಪರವೂರಿನವರು ಬಂದರೆ, ಎಂಥ ಗಂಭೀರ ವೃದ್ಧರಪ್ಪಾ ಎಂದು ಕೈಮುಗಿದು ಹೋಗುತ್ತಾರೆ. ಸಂಜೆ ಬೀದಿಯಲ್ಲಿ ನಡೆದರೆ ಎಡ ಕಿಟಕಿಯಿಂದ ಕೆಮ್ಮು, ಬಲ ಕಿಟಕಿಯಿಂದ ಅದಕ್ಕೆ ತಕ್ಕ ಬೈಗುಳ. ಯಾರ ಮನೆಯಲ್ಲಿ ಏನು ಸಾರು ಎಂಬುದನ್ನು ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಇಬ್ಬರ ದನಿಗೂ ಒಂದೇ ಪೆಟ್ಟಿಗೆ. ಅದರಲ್ಲಿ ಒಂದೇ ವಾಲ್ಯೂಮ್ ನಾಬ್. ಒಬ್ಬರು ತಮ್ಮ ದನಿ ಏರಿಸಿಕೊಂಡರೆ ಇನ್ನೊಬ್ಬರದೂ ಏರುತ್ತದೆ. ಒಂದು ಬ್ಯಾಲೆನ್ಸ್ ನಾಬ್ ಇರುತ್ತದೆ. ಅದನ್ನು ಯಾರು ಮುಟ್ಟಬೇಕೆಂಬ ವಿಷಯದಲ್ಲಿ ಒಳ್ಳೊಳ್ಳೆಯ ಮನೆತನಗಳಲ್ಲೂ ಮನಸ್ತಾಪಗಳಾಗಿವೆ. ಎರಡು ಬೇರೆ ಪೆಟ್ಟಿಗೆ ಕೊಳ್ಳುವವರೂ ಇಲ್ಲದಿಲ್ಲ: ಗಂಡನದು ನಡುಮನೆಯಲ್ಲಿ, ಹೆಂಡತಿಯದು ಹಿಂದಿನ ಕೋಣೆಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಇದಕ್ಕೆ ಊರಿನಲ್ಲಿ ಯಾರೂ ಹೆಸರಿಟ್ಟಿಲ್ಲ. "ಅವರ ಮನೇಲಿ ಎರಡು ಪೆಟ್ಟಿಗೆ" ಎಂದರೆ ಸಾಕು, ಕೇಳಿದವರು ತಲೆ ತಗ್ಗಿಸಿ ಮಳೆಬೆಳೆಯ ಮಾತು ತೆಗೆಯುತ್ತಾರೆ.

ಹೊಗೆ ಕರಗಿದ ಮೇಲೆ ಪಂಕಜ ನನ್ನೆದುರು ಬಂದು ನಿಂತು ಎರಡು ಬೆರಳು ಎತ್ತಿ ತೋರಿಸಿದಳು.

ನಾನು ಅರ್ಥವಾಗದವನಂತೆ ಗಡಿಯಾರವನ್ನು ನೋಡಿದೆ. ಆಕೆ ಆ ಬೆರಳುಗಳನ್ನು ಗಡಿಯಾರಕ್ಕೂ ನನಗೂ ಅಡ್ಡ ತಂದು ಹಿಡಿದಳು.

ಆ ದಿನಗಳಲ್ಲಿ ನಮ್ಮ ನಡುವೆ ಓಡಾಡಿದವನು ಆಕೆಯ ತಮ್ಮ ಶೇಷಪ್ಪ. ಅವನ ತಲೆಯಲ್ಲಿ ಇನ್ನೂ ಕಪ್ಪು ಉಳಿದಿತ್ತು, ಗಂಟಲಲ್ಲಿ ದನಿಯೂ ಧಾರಾಳವಾಗಿತ್ತು. ಶೇಷಪ್ಪನಿಗೆ ಹುಟ್ಟಿನಿಂದ ಬಂದ ಒಂದು ಚಟವೆಂದರೆ ರಾಜಿ ಮಾಡಿಸುವುದು. ಅದಕ್ಕಾಗಿ ಅವನು ಎರಡೂ ಕಡೆಯವರಿಗೆ, ಇನ್ನೊಂದು ಕಡೆಯವರು ಆಗಲೇ ಒಪ್ಪಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಹೀಗೆ ಅವನು ಕೂಡಿಸಿದ ಪಾಲುದಾರಿಕೆಗಳು ಬೇಗನೆ ಮುರಿಯುತ್ತಿದ್ದವು. ಅವನ ಉತ್ಸಾಹ ಮಾತ್ರ ಎಂದೂ ಮುರಿದದ್ದಿಲ್ಲ. ಪಂಕಜ ಅವನ ಕಿವಿಗೆ ಬಾಯಿಟ್ಟು ಕೆಂಪು ಮುಖದಿಂದ ಏನನ್ನೋ ಬಹಳ ಹೊತ್ತು ಪಿಸುಗುಟ್ಟಿದಳು. ಅವನು ನನ್ನ ಕಡೆ ತಿರುಗಿ, "ಭಾವ, ಅಕ್ಕ ಹೇಳ್ತಿದಾಳೆ, ನೀವು ಹೇಗೆ ಹೇಳಿದ್ರೆ ಹಾಗೆ ಅಂತ" ಎಂದ. ಆಕೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ಮತ್ತೆ ಎರಡು ಬೆರಳು ಎತ್ತಿದಳು. "ನೋಡಿ, ಇಬ್ರೂ ಒಟ್ಟಿಗೇ ಹೋಗಿ ತರೋಣ ಅಂತಾಳೆ" ಎಂದು ಶೇಷಪ್ಪ ವ್ಯಾಖ್ಯಾನ ಕೊಟ್ಟ.

ನಾವು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಮಾತಾಡಿಕೊಳ್ಳಬಹುದಿತ್ತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಪಿಸುಮಾತು ಆಡಲು ಒಬ್ಬರು ಇನ್ನೊಬ್ಬರ ಬಳಿಗೆ ಮೊದಲು ನಡೆದು ಹೋಗಬೇಕಲ್ಲ.

ಎರಡು ಕೊಳ್ಳುವವರೂ ಮೊದಲು ಒಂದನ್ನು ಕೇಳಿ ನೋಡಬೇಕೆಂಬುದು ಊರಿನ ಪದ್ಧತಿ. ಅದಕ್ಕಾಗಿ ಮೂವರೂ ದಾಕ್ಷಾಯಿಣಮ್ಮನ ಅಂಗಡಿಗೆ ಹೋದೆವು. ದಾಕ್ಷಾಯಿಣಮ್ಮ ದಪ್ಪ ಫ್ರೇಮಿನ ಕನ್ನಡಕದ, ಗಟ್ಟಿ ಗಂಟಲಿನ ಹೆಂಗಸು. ಮಾವನ ಕಾಲದಿಂದ ಬಂದ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. "ಬನ್ನಿ ಯಜಮಾನ್ರೆ, ಬಾಮ್ಮ. ಸುಟ್ಟುಹೋಯ್ತಂತೆ? ಯಾರ ಮಾತಿಗೆ?" ಎಂದು ಕೇಳಿದರು. ನಾನು ಪಂಕಜಳನ್ನು ತೋರಿಸಿದೆ, ಆಕೆ ನನ್ನನ್ನು ತೋರಿಸಿದಳು. "ಆಯ್ತು, ಆಯ್ತು. ಸ್ಪೀಕರ್ ಯಾವುದು? ಆ ಮರದ್ದು, ಎದೆಮಟ್ಟ ಬರ್ತವಲ್ಲ, ಅವೇನಾ? ಎಂಟು ಓಮ್ಸು. ಚಿನ್ನದಂಥವು, ಬಿಡಬೇಡಿ. ಯಾವ ಪೆಟ್ಟಿಗೆ ಜೊತೆಗಾದ್ರೂ ಹೊಂದ್ಕೋತವೆ. ಹೊಂದ್ಕೋಬೇಕಾದವರು ನೀವು."

ಅಂಗಡಿಯ ಹಿಂದೆ ಕೇಳುವ ಕೋಣೆ. ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಎದುರಿಗೆ ಎರಡು ಸ್ಪೀಕರುಗಳು, ಅವೆರಡರಿಂದಲೂ ಸಮದೂರದಲ್ಲಿ ನಟ್ಟನಡುವೆ ಇಬ್ಬರು ಕೂರುವ ಬೆಂಚು, ಬೆಂಚಿನ ಬೆನ್ನಿಗೆ ದಾಕ್ಷಾಯಿಣಮ್ಮನ ಸ್ಟೂಲು. ಪರದೆಗಳಿಂದಾಗಿ ಒಳಗೆ ಧಗೆ. ಶೇಷಪ್ಪ ಬೆಂಚಿನ ಕಡೆ ಕಣ್ಣೂ ಹಾಯಿಸದೆ ಎಡಗೋಡೆಗೆ ಒತ್ತಿ ಇಟ್ಟಿದ್ದ ಟೇಬಲ್ ಫ್ಯಾನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

ಮೊದಲು ಬಂದದ್ದು ನೂರಿಪ್ಪತ್ತು ವಾಟಿನ ಒಂದು ದೈತ್ಯ. ಮುಖದ ಮೇಲೆ ನೀಲಿ ಬೆಳಕಿನ ಎರಡು ಮೀಟರು, ಅವುಗಳಲ್ಲಿ ನಡುಗುವ ಮುಳ್ಳು. ನಮ್ಮ ಕೊರಳ ಮೈಕುಗಳನ್ನು ಅದಕ್ಕೆ ಜೋಡಿಸಿದರು. "ಪರವಾಗಿಲ್ಲ" ಎಂದೆ. ಅದು ಎಡಗಡೆಯಿಂದ ಮರಣದಂಡನೆಯ ತೀರ್ಪಿನಂತೆ ಹೊರಬಿತ್ತು. ಪಂಕಜಳಿಗೆ ನಗು ತಡೆಯಲಾಗಲಿಲ್ಲ. ಬಲಗಡೆಯಿಂದ ಬಂದ ಆ ನಗೆಗೆ ಕಪಾಟಿನ ಗಾಜು ಅದುರಿತು. "ಅಯ್ಯೋ, ಬೇಡಮ್ಮಾ! ಇದರಲ್ಲಿ ಇವರು ಉಪ್ಪು ಕೇಳಿದ್ರೂ ಬೀದಿ ಜನ ಎಲ್ಲ ಮನೆ ಬಿಟ್ಟು ಓಡಬೇಕು" ಎಂದಳು.

ಎರಡನೆಯದು ವಾಲ್ವಿನ ಪೆಟ್ಟಿಗೆ. ಗಾಜಿನ ಬುರುಡೆಗಳು ಒಂದೊಂದಾಗಿ ಕೆಂಡದ ಬಣ್ಣಕ್ಕೆ ತಿರುಗುವುದನ್ನು ನೋಡಿಯೇ ನಾನು ಸೋತೆ. ನನ್ನವೇ ಆದ, ಎಲ್ಲಿಯೂ ಅಚ್ಚಾಗದ ಸಾಲುಗಳನ್ನು ಹೇಳಿದೆ: ಬಾಗಿಲೇ ಇಲ್ಲದ ಮನೆಗೆ ಬೀಗದ ಕೈ ಹುಡುಕುತ್ತ ಹುಡುಕುತ್ತ ಮಧ್ಯಾಹ್ನವಾಯಿತು. ಎಡಗಡೆಯ ಸ್ಪೀಕರಿನಿಂದ ಅವು ಹದವಾಗಿ ಕಾಯಿಸಿದ ತುಪ್ಪದಂತೆ ಇಳಿದು ಬಂದವು. ಪಂಕಜ ನನ್ನತ್ತ ತಿರುಗಿದಳು. "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನಿಮ್ಮ ಕವಿತೆ ಅರ್ಥ ಆದ ಹಾಗಾಯ್ತು" ಎಂದಳು. ನಾನು ಹಿಗ್ಗುವಷ್ಟರಲ್ಲಿ ಸೇರಿಸಿದಳು, "ಅದಕ್ಕೇ ಬೇಡ. ಇದರಲ್ಲಿ ಸುಳ್ಳು ಹೇಳಿದ್ರೂ ನಿಜದ ಥರ ಕೇಳುತ್ತೆ. ಆಮೇಲೆ ಇದು ಬಿಸಿಯಾಗೋ ತನಕ ಕಾಯಬೇಕಂತಲ್ಲ. ಅಷ್ಟರಲ್ಲಿ ನನ್ನ ಕೋಪ ಆರಿಹೋದ್ರೆ?"

ದನಿ ಸಿಕ್ಕಿದ್ದೇ ಸಮಯವೆಂದು ನಾನು ಕೇಳಿದೆ, "ಅವತ್ತು ಏನೋ ಹೇಳ್ತಾ ಇದ್ದೆಯಲ್ಲ, ಬಾಳಿದ್ದಕ್ಕೆ ಅಂತ. ಬಾಳಿದ್ದಕ್ಕೆ ಏನು?"

"ಮರೆತುಹೋಯ್ತು."

ವಾಲ್ವಿನ ಪೆಟ್ಟಿಗೆಯ ಬಗ್ಗೆ ಆಕೆ ಹೇಳಿದ್ದು ಸರಿಯೇ ಇತ್ತು. ಆ ಸುಳ್ಳು ನಿಜದಂತೆಯೇ ಕೇಳಿಸಿತು.

ಮೂರನೆಯದಕ್ಕೆ ರಿಮೋಟು ಇತ್ತು. ಪಂಕಜ ಅದನ್ನು ಕೈಗೆ ತೆಗೆದುಕೊಂಡವಳು ಮರಳಿ ಕೊಡುವ ಲಕ್ಷಣ ಕಾಣಿಸಲಿಲ್ಲ. ನಾನು ಬ್ಯಾಲೆನ್ಸ್ ನಾಬ್ ಎಲ್ಲಿ ಎಂದು ವಿಚಾರಿಸುತ್ತಿರುವಾಗಲೇ ಮ್ಯೂಟ್ ಒತ್ತಿದಳು. ನನ್ನ ಮಾತು ನಿಂತಿತು. ಆಕೆ ಗೆಲುವಿನಿಂದ ನನ್ನತ್ತ ತಿರುಗಿ ಏನನ್ನೋ ವಿಸ್ತಾರವಾಗಿ ಹೇಳತೊಡಗಿದಳು, ಅದೂ ಕೇಳಲಿಲ್ಲ. ಮ್ಯೂಟ್ ಒತ್ತಿದರೆ ಇಬ್ಬರದೂ ಹೋಗುತ್ತದೆ ಎಂದು ದಾಕ್ಷಾಯಿಣಮ್ಮ ವಿವರಿಸಿದರು. ಆಕೆ ರಿಮೋಟನ್ನು ಬೆಂಚಿನ ಮೇಲೆ ಕುಕ್ಕಿದಳು. ಮತ್ತೆ ದನಿ ಬಂದಾಗ, "ಮತ್ತೆ ಏನುಪಯೋಗ?" ಎಂಬ ಬಾಲ ಮಾತ್ರ ಉಳಿದಿತ್ತು.

ಕೊನೆಗೆ ಬಂದದ್ದು ಬೂದು ಬಣ್ಣದ ಒಂದು ಸಾಧಾರಣ ಪೆಟ್ಟಿಗೆ. ಐವತ್ತೋ ಅರವತ್ತೋ ವಾಟು. ಬೇಸ್, ಟ್ರೆಬಲ್, ಬ್ಯಾಲೆನ್ಸ್, ವಾಲ್ಯೂಮ್, ಬೇರೆ ಆಡಂಬರವಿಲ್ಲ. ದಾಕ್ಷಾಯಿಣಮ್ಮ ಅದನ್ನು ಹೊಗಳಲೂ ಇಲ್ಲ. ಪಂಕಜ ಬೇಸರದಿಂದ, "ಮೋಡ ಹಾಕಿತ್ತು. ಹೊರಡೋವಾಗ ಹಪ್ಪಳ ಒಳಗೆ ತಂದಿಟ್ರಾ?" ಎಂದಳು.

ಎಷ್ಟೋ ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆ ಅದು. ಆದರೆ ಈ ಪೆಟ್ಟಿಗೆಯಲ್ಲಿ ಮಾತಿಗೆ ಮುಂಚೆ ಆಕೆ ತೆಗೆದುಕೊಂಡ ಚಿಕ್ಕ ಉಸಿರು ನನಗೆ ಕೇಳಿಸಿತು. ಹಳೆಯ ಪೆಟ್ಟಿಗೆ ಆ ಉಸಿರನ್ನು ಇಷ್ಟು ಕಾಲ ನುಂಗಿಹಾಕಿತ್ತು. ನನಗೆ ಮುಟ್ಟುತ್ತಿದ್ದುದು ಬರಿಯ ಆಪಾದನೆ. ಉಸಿರಿನೊಡನೆ ಕೇಳಿದಾಗ ಅದು ಆಪಾದನೆಯಾಗಿರಲಿಲ್ಲ. ನಾನು ತಂದಿಟ್ಟಿಲ್ಲವೆಂದು ಆಕೆಗೆ ಗೊತ್ತಿತ್ತು. ಹಪ್ಪಳ ನೆನೆಯುತ್ತದೆ, ಮತ್ತೆ ಒತ್ತಬೇಕು, ಮೊಣಕೈ ನೋಯುತ್ತದೆ, ಇಷ್ಟೂ ಆ ಉಸಿರಿನಲ್ಲಿತ್ತು. "ಇಲ್ಲ ಪಂಕಜಾ, ಮರೆತೆ" ಎಂದೆ. ಅವಳೂ ನನ್ನಲ್ಲಿ ಏನನ್ನು ಕೇಳಿಸಿಕೊಂಡಳೋ, "ಹೋಗ್ಲಿ ಬಿಡಿ" ಎಂದಳು. ಶೇಷಪ್ಪ ಫ್ಯಾನಿನ ಪಕ್ಕದಿಂದ ಎದ್ದು ನಿಂತುಬಿಟ್ಟ.

ದಾಕ್ಷಾಯಿಣಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಇನ್ನು ಪದ್ಧತಿಯ ಮಾತು. ಪೆಟ್ಟಿಗೆ ಕೊಳ್ಳುವ ಇಬ್ಬರೂ ಏಕಕಾಲದಲ್ಲಿ "ಇದೇ ಇರಲಿ" ಎನ್ನಬೇಕು. ಒಬ್ಬರು ಕಣ್ಣಿನಿಂದ ಇನ್ನೊಬ್ಬರನ್ನು ಹೆದರಿಸಿ ಒಪ್ಪಿಸಬಾರದಾದ್ದರಿಂದ ಇಬ್ಬರ ದೃಷ್ಟಿಯೂ ಸ್ಪೀಕರಿನ ಮೇಲಿರಬೇಕು. ಮಾತು ಎರಡೂ ಕಡೆಯಿಂದ ಬಂದು ಹಿಂದೆ ಕೂತವರಿಗೆ ಕೇಳಿದರೆ ಅವರು ಗಂಟೆ ಬಾರಿಸಿ ಪೆಟ್ಟಿಗೆ ಕಟ್ಟಿಸುತ್ತಾರೆ. ಕೇಳದಿದ್ದರೆ ಇಲ್ಲ. ಮನಸ್ಸಿಲ್ಲದ ಮಾತು ಪೆಟ್ಟಿಗೆ ದಾಟುವುದಿಲ್ಲ ಎಂಬುದು ನಮ್ಮ ಊರಿನ ಹಳೆಯ ನಂಬಿಕೆ.

ದಾಕ್ಷಾಯಿಣಮ್ಮ ಚಪ್ಪಾಳೆ ತಟ್ಟಿದರು. ನಾನು "ಇದೇ ಇರಲಿ" ಎಂದೆ.

ಏನೂ ಕೇಳಲಿಲ್ಲ. ಎಡದಿಂದಲೂ ಇಲ್ಲ, ಬಲದಿಂದಲೂ ಇಲ್ಲ. ಫ್ಯಾನಿನ ಸದ್ದು ಮಾತ್ರ.

ದನಿ ಗಂಟಲಿನಲ್ಲಿಲ್ಲದವರಿಗೆ ಇದೊಂದು ಪಾಡು: ಆಡಿದೆವೋ, ಆಡಬೇಕೆಂದುಕೊಂಡೆವೋ ಎಂಬುದನ್ನು ಸ್ಪೀಕರೇ ಹೇಳಬೇಕು. ಆಡಿದೆನೆಂದೇ ನಾನು ತಿಳಿದಿದ್ದೆ. ಕೇಳದೆ ಹೋದಾಗ, ಆಡಿರಲಾರೆ ಎಂದುಕೊಂಡೆ. ಪಕ್ಕಕ್ಕೆ ತಿರುಗಿದೆ. ಪಂಕಜಳ ಮುಖ ಬಿಳಿಚಿತ್ತು. ಅವಳೂ ಆಡಿಲ್ಲ. ಹಾಗಾದರೆ ನಮ್ಮಿಬ್ಬರಲ್ಲಿ ಯಾರಿಗೂ ಮನಸ್ಸಿಲ್ಲ. ಅದು ನಮಗೇ ಗೊತ್ತಿರಲಿಲ್ಲ, ಪೆಟ್ಟಿಗೆಗೆ ಗೊತ್ತಾಯಿತು. ಆಕೆಯ ನೋಟದಲ್ಲಿ ಕೋಪವಿದ್ದಿದ್ದರೆ ಸಹಿಸಿಕೊಳ್ಳಬಹುದಿತ್ತು. ನಾಚಿಕೆಯಿತ್ತು. ನನ್ನ ಮುಖದಲ್ಲೂ ಅದೇ ಕಂಡಿರಬೇಕು.

"ಇರ್ಲಿ ಬಿಡಿ ಯಜಮಾನ್ರೆ" ಎಂದು ದಾಕ್ಷಾಯಿಣಮ್ಮ ನಿಟ್ಟುಸಿರಿಟ್ಟರು. "ಹಬ್ಬ ಆದಾಗಿನಿಂದ ಬಂದವರದೆಲ್ಲ ಹೀಗೇ. ನೋಡೋಕೆ ಎಷ್ಟು ಚೆನ್ನಾಗಿರ್ತಾರೆ, ಇದೇ ಇರಲಿ ಅನ್ನೋವಾಗ ಬಾಯಿ ಕಟ್ಟಿಹೋಗುತ್ತೆ. ಬರೀ ಎರಡು ಪೆಟ್ಟಿಗೆ ವ್ಯಾಪಾರವೇ ಆಗಿದೆ ನಂದು. ಕಾಲ ಕೆಟ್ಟಿದೆ."

ದಾರಿಯುದ್ದಕ್ಕೂ ಶೇಷಪ್ಪ ಒಂದೇ ಸಮನೆ ಕೂಗಾಡಿದ. "ಅಲ್ಲ ಭಾವ, ಇಬ್ರೂ ಅಂದ್ರಲ್ಲ! ನಾನೇ ಕೇಳಿಸ್ಕೊಂಡೆ. ಮೊದಲು ನಿಮ್ದು, ಅದರ ಬೆನ್ನಿಗೇ ಅಕ್ಕಂದು. ಇದೇ ಇರಲಿ, ಇದೇ ಇರಲಿ ಅಂತ!" ನಾನು ಅವನ ಭುಜ ತಟ್ಟಿದೆ. ಇಂಥ ಹೊತ್ತಿನಲ್ಲಿ ಅವನು ಬೇರೇನನ್ನು ಹೇಳಿಯಾನು? ಮುರಿದುಬಿದ್ದ ಪ್ರತಿ ಪಾಲುದಾರಿಕೆಯ ಕೊನೆಯ ದಿನವೂ ಅವನು ಇದನ್ನೇ ಹೇಳಿದ್ದ. "ನಿಮ್ಮಾಣೆಗೂ ಕೇಳಿಸ್ತು ಭಾವ!" ಎಂದ. ಪಂಕಜ ನಿಂತು, ಅವನ ಬಾಯಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು. ಮನೆಗೆ ಬಂದಾಗ ಮಳೆ ಬಂದು ನಿಂತಿತ್ತು. ಹಪ್ಪಳಗಳು ಮತ್ತೆ ಹಿಟ್ಟಾಗಿದ್ದವು. ಇಬ್ಬರೂ ಸೇರಿ ಅವನ್ನು ಬಟ್ಟೆಯಿಂದ ಕೆರೆದು ತೆಗೆದೆವು. ಆಕೆ ಈ ಸಲ ಬೆರಳು ಎತ್ತಲಿಲ್ಲ. ಹಿಂದಿನ ಕೋಣೆಗೆ ಹೋಗಿ, ಪೆಟ್ಟಿಗೆ ಇಡಲು ಒಂದು ಹಲಗೆಯನ್ನು ಒರೆಸಿ ಬಂದಳು.

ಮಾರನೆಯ ವಾರ ಮತ್ತೆ ಅದೇ ಕೋಣೆ, ಅದೇ ಬೆಂಚು. ಎರಡು ಪೆಟ್ಟಿಗೆ ಕೊಳ್ಳುವುದಕ್ಕೂ ಪದ್ಧತಿಯಿದೆ: ಒಂದೇ ಪೆಟ್ಟಿಗೆಯ ಮುಂದೆ ಕೂತು ಇಬ್ಬರೂ ಏಕಕಾಲದಲ್ಲಿ "ಬೇರೆ ಇರಲಿ" ಎನ್ನಬೇಕು. ಕೇಳಿಸಿದರೆ ಸರಿ, ಕೇಳಿಸದಿದ್ದರೂ ಸರಿ, ಯಾಕೆಂದರೆ ಆ ಮಾತಿಗೆ ಯಾರಿಗೂ ಮನಸ್ಸಿರುವುದಿಲ್ಲ ಎಂದು ಊರಿಗೇ ಗೊತ್ತು. ಬೂದು ಪೆಟ್ಟಿಗೆಗೇ ಮೈಕು ಜೋಡಿಸಿದರು. ದಾಕ್ಷಾಯಿಣಮ್ಮ ಕೈ ಎತ್ತಿದರು.

ನನಗೆ ಆ ಬೆಂಚಿನ ಮೇಲೆ ಕೂರಲಾಗಲಿಲ್ಲ. ಮೈಕಿನ ತಂತಿ ಉದ್ದವಿತ್ತು. ಶೇಷಪ್ಪನ ಕುರ್ಚಿಗೆ ತೂಗುಹಾಕಿದ್ದ ನನ್ನ ಕೊಡೆಯನ್ನು ತೆಗೆದುಕೊಳ್ಳುವವನಂತೆ ಎದ್ದು, ಎಡಗೋಡೆಯ ಫ್ಯಾನಿನ ಬಳಿಗೆ ನಡೆದುಬಿಟ್ಟೆ. ಆಕೆಯ ಮುಖ ನೋಡಿ ಹೇಳಲಾಗದ್ದನ್ನು ಗೋಡೆಯ ಪರದೆಗೆ ಹೇಳಿದೆ: "ಬೇಡ."

ಮೊಳದೂರದಲ್ಲಿದ್ದ ಎಡ ಸ್ಪೀಕರಿನಿಂದ ನನ್ನ ದನಿ ಕೇಳಿತು. ಅದರ ಹಿಂದೆಯೇ, ಕೋಣೆಯ ಆ ತುದಿಯ ಬಲ ಸ್ಪೀಕರಿನಿಂದ, ಮೊದಲು ಒಂದು ಪುಟ್ಟ ಉಸಿರು, ಅನಂತರ, "ಬೇಡ."

ತಿರುಗಿ ನೋಡಿದೆ. ಪಂಕಜ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಕಣ್ಣು ಸ್ಪೀಕರಿನ ಮೇಲೆಯೇ ಇತ್ತು. ಅವಳಿಗೆ ಏನೂ ಕೇಳಿಸಿರಲಿಲ್ಲ. ಹಿಂದೆ ಕೂತ ದಾಕ್ಷಾಯಿಣಮ್ಮನೂ, "ಆಗ್ಲೇ ಅಂದ್ರಾ? ಇನ್ನೂ ಇಲ್ವಾ?" ಎನ್ನುತ್ತಿದ್ದರು. ಶೇಷಪ್ಪ ನನ್ನ ತೋಳು ಹಿಡಿದು ಅಲುಗಾಡಿಸಿದ. "ಕೇಳಿಸ್ತಾ? ಈಗಲಾದ್ರೂ ಕೇಳಿಸ್ತಾ ಭಾವ?"

ನಾನು ಬೆಂಚಿಗೆ ಹಿಂತಿರುಗಿದೆ. ಬಾಗಿದೆ. ಎಷ್ಟು ಕಾಲದ ಮೇಲೋ, ಪಂಕಜಳ ಕಿವಿಗೆ ಬಾಯಿ ಹಚ್ಚಿದೆ. ಹಲಗೆ ಒರೆಸಿದ ಧೂಳು ಇನ್ನೂ ಕೂದಲಲ್ಲಿದ್ದಂತಿತ್ತು. "ಎದ್ದು ಬಾ, ಫ್ಯಾನ್ ಹತ್ರ" ಎಂದು ಪಿಸುಗುಟ್ಟಿದೆ. ಕವಿತೆ ಓದಿದವನಿಗೆ ಅಂಥ ಗಳಿಗೆಯಲ್ಲಿ ಒದಗಿದ ಮಾತು ಅಷ್ಟೇ. ಆಕೆ, ಇವರಿಗೆ ಸೆಖೆಯ ಚಿಂತೆ ಎಂಬಂತೆ ನೋಡಿದಳು. ಮಣಿಕಟ್ಟು ಹಿಡಿದು ಗೋಡೆಯ ಬಳಿಗೆ ಕರೆತಂದು, ಒಂದೇ ಒಂದು ಬೆರಳು ಎತ್ತಿ ತೋರಿಸಿದೆ. ಇಬ್ಬರೂ ಫ್ಯಾನಿನ ಗಾಳಿಯಲ್ಲಿ ನಿಂತು, "ಇದೇ ಇರಲಿ" ಎಂದೆವು.

ಕೇಳಿಸಿತು. ಒಂದು ಹತ್ತಿರದಿಂದ, ಒಂದು ದೂರದಿಂದ.

"ಏನಾದ್ರೂ ಅಂದ್ರಾ?" ಎಂದರು ಸ್ಟೂಲಿನ ಮೇಲಿದ್ದ ದಾಕ್ಷಾಯಿಣಮ್ಮ. ಶೇಷಪ್ಪ ಅವರನ್ನೂ ಕರೆದ. ಫ್ಯಾನಿನ ಬಳಿ ಬಂದರೆ ಕೇಳುತ್ತದೆ, ಸ್ಟೂಲಿಗೆ ಹೋದರೆ ಕೇಳುವುದಿಲ್ಲ. ಅವರು ಬಂದರು, ಹೋದರು, ಮತ್ತೆ ಬಂದರು; ನಾವು ಹೇಳಿದ್ದನ್ನೇ ಹೇಳುತ್ತ ನಿಂತೆವು. ಇದೇ ಇರಲಿ, ಇದೇ ಇರಲಿ, ಇದೇ ಇರಲಿ. ಮದುವೆಯ ದಿನವೂ ನಾವು ಒಂದು ಮಾತನ್ನು ಇಷ್ಟು ಸಲ ಒಟ್ಟಿಗೆ ಹೇಳಿರಲಿಲ್ಲ. ಕೊನೆಗೆ ದಾಕ್ಷಾಯಿಣಮ್ಮ ಸೆರಗು ಸಿಕ್ಕಿಸಿಕೊಂಡು ಸ್ಪೀಕರುಗಳ ಹಿಂದೆ ಬಗ್ಗಿದವರು, "ಅಯ್ಯೋ ನನ್ನ ಕುಂಕುಮವೇ!" ಎಂದು ಅಲ್ಲೇ ಕುಳಿತುಬಿಟ್ಟರು.

ಆಯುಧಪೂಜೆಗೆ ಅವರು ಕೋಣೆಯ ತಂತಿಗಳನ್ನೆಲ್ಲ ಬಿಚ್ಚಿ, ಒರೆಸಿ, ಸ್ಪೀಕರಿನ ಬೆನ್ನಿನ ಪ್ರತಿಯೊಂದು ತಿರುಪಿಗೂ ಕುಂಕುಮ ಹಚ್ಚಿದ್ದರು. ಕೆಂಪು ತಂತಿ ಕೆಂಪು ತಿರುಪಿಗೆ, ಕಪ್ಪು ತಂತಿ ಕಪ್ಪು ತಿರುಪಿಗೆ ಸೇರಬೇಕು. ಪೂಜೆಯಾದ ಮೇಲೆ ಎಲ್ಲ ತಿರುಪುಗಳೂ ಕೆಂಪೇ. ಭಕ್ತಿಯ ಆ ಗಡಿಬಿಡಿಯಲ್ಲಿ ಒಂದು ಸ್ಪೀಕರಿನ ತಂತಿಗಳು ಅದಲುಬದಲಾಗಿದ್ದವು. "ಒಂದು ಗಾಳಿ ಮುಂದಕ್ಕೆ ತಳ್ಳುತ್ತೆ, ಒಂದು ಹಿಂದಕ್ಕೆ ಎಳೆಯುತ್ತೆ" ಎಂದು ಅವರು ನೆಲದಲ್ಲಿ ಕೂತೇ ಕೈಯಾಡಿಸಿ ತೋರಿಸಿದರು. "ಬೇರೆ ಬೇರೆ ಮಾತಾಡಿದ್ರೆ ಏನೂ ಗೊತ್ತಾಗಲ್ಲ. ಇಬ್ರೂ ಒಂದೇ ಮಾತಾಡಿದ್ರೆ ನಡುಮಧ್ಯೆ ಒಂದನ್ನೊಂದು ತಿಂದು ಹಾಕ್ತವೆ. ಅಯ್ಯೋ, ಹಬ್ಬ ಆದ್ಮೇಲೆ ಎಷ್ಟು ಮನೆ ಮುರಿದೆನಪ್ಪಾ! ಎಲ್ಲರೂ ಒಪ್ಪಿದ್ರು ಅನ್ಸುತ್ತೆ. ಒಪ್ಪಿದ್ದಕ್ಕೇ ಕೇಳ್ಲಿಲ್ಲ."

"ಬದುಕಿನಲ್ಲಿ ಒಂದೇ ಸಲ ನಿಜ ಹೇಳಿದ್ದೆ ನಾನು" ಎಂದ ಶೇಷಪ್ಪ, ಫ್ಯಾನಿಗೆ ಮುಖವೊಡ್ಡಿ. "ಅದನ್ನೇ ಯಾರೂ ನಂಬ್ಲಿಲ್ಲ. ಇನ್ಮೇಲೆ ಹೇಳಲ್ಲ."

ದಾಕ್ಷಾಯಿಣಮ್ಮ ಮನೆಮನೆಗೂ ಹೋಗಿ ತಪ್ಪೊಪ್ಪಿಕೊಂಡು ಎರಡು ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆದು ಒಂದೊಂದನ್ನು ಕೊಟ್ಟು ಬಂದರು. ಮೇಲುಕೇರಿಯ ಗೌರಮ್ಮ ಮಾತ್ರ ಬಾಗಿಲಲ್ಲೇ ತಡೆದು, "ಆದದ್ದು ಒಳ್ಳೇದಕ್ಕೇ ಆಗಿದೆ, ಯಾವ ತಂತೀನೂ ಮುಟ್ಟಬೇಡಿ" ಎಂದಳಂತೆ.

ಬೂದು ಪೆಟ್ಟಿಗೆ ನಮ್ಮ ಮನೆಗೆ ಬಂತು. ಸರಿಯಾದ ತಂತಿ ಸರಿಯಾದ ತಿರುಪಿಗೆ ಸೇರಿತು. ಮೊದಲ ದಿನವೇ ಆಕೆ ಬ್ಯಾಲೆನ್ಸ್ ನಾಬನ್ನು ಮುಟ್ಟಿದಳು, ನಾನು ಆಕ್ಷೇಪಿಸಿದೆ, ಎಲ್ಲವೂ ಮೊದಲಿನಂತಾಯಿತು. ಮಾತಿಗೆ ಮುಂಚಿನ ಆ ಉಸಿರು ಮಾತ್ರ ಈಗ ಕೇಳುತ್ತದೆ. ಅದರಿಂದಾಗಿ ಜಗಳಗಳು ಕೊಂಚ ತಡವಾಗಿ ಶುರುವಾಗುತ್ತವೆ.

ಒಂದೇ ತೊಡಕು. ಇಬ್ಬರೂ ಅಪರೂಪಕ್ಕೊಮ್ಮೆ ಒಂದೇ ಮಾತನ್ನು ಒಟ್ಟಿಗೆ ಆಡಿದರೆ, ಅದು ಎರಡು ಪಟ್ಟಾಗಿ ಬೀದಿಯ ತನಕ ಹೋಗುತ್ತಿತ್ತು. "ಸಾಕು" ಎಂದೆವು ಒಂದು ಮಧ್ಯಾಹ್ನ, ಸಾರಿನ ಉಪ್ಪಿನ ವಿಷಯಕ್ಕೆ. ಪಕ್ಕದ ಮನೆಯ ಸಾವಿತ್ರಮ್ಮ ಗೋಡೆಯಾಚೆಯಿಂದ, "ಏನ್ರೀ ಪಂಕಜಮ್ಮ, ಇವತ್ತು ಇಬ್ಬರದೂ ಒಂದೇ ರಾಗ! ಹೊಸ ಪೆಟ್ಟಿಗೆ ಗುಣವೇ?" ಎಂದು ಕೂಗಿದರು. ಪಂಕಜ ನಾಚಿ ಅಡುಗೆಮನೆ ಸೇರಿದಳು. ಅನಂತರ ನಾವಿಬ್ಬರೂ ಒಪ್ಪುವ ವಿಷಯಗಳಲ್ಲಿ ಎಚ್ಚರಿಕೆಯಿಂದ ತಕರಾರು ತೆಗೆಯತೊಡಗಿದೆವು. ಸೆಖೆ ಎಂದು ಆಕೆ ಎಂದರೆ ನಾನು ಹೊದ್ದುಕೊಳ್ಳಲು ಶಾಲು ಕೇಳುತ್ತಿದ್ದೆ.

ಆಗ ನನಗೆ ಆ ಕೇಳುವ ಕೋಣೆ ನೆನಪಾಗುತ್ತಿತ್ತು. ನಾವು ಮೊದಲ ಸಲ ಒಪ್ಪಿದ ಆ ಗಳಿಗೆಯಲ್ಲಿ ಅಲ್ಲಿ ಸದ್ದೇ ಇರಲಿಲ್ಲ. ಅಷ್ಟು ದೊಡ್ಡ ಮಾತು ಯಾರಿಗೂ ಕೇಳದೆ, ನಮಗೂ ಕೇಳದೆ, ಇಬ್ಬರ ನಡುವೆ ಕರಗಿ ನಿಂತಿತ್ತು. ಒಂದು ಮಧ್ಯಾಹ್ನ ಪಂಕಜ ಹಪ್ಪಳ ಹರಡಲು ಮಹಡಿಗೆ ಹೋದಾಗ, ನಾನು ಎಡ ಸ್ಪೀಕರಿನ ಹಿಂದೆ ಬಗ್ಗಿ ಕೆಂಪು ತಂತಿಯನ್ನು ಕಪ್ಪು ತಿರುಪಿಗೂ ಕಪ್ಪನ್ನು ಕೆಂಪಿಗೂ ಸೇರಿಸಿ ತಿರುಪು ಬಿಗಿದೆ. ಇನ್ನು ಒಪ್ಪಿದರೆ ಯಾರಿಗೂ ಕೇಳುವುದಿಲ್ಲ. ಆಕೆಗೆ ಹೇಳಲಿಲ್ಲ. ಹೇಳಿದರೆ ತಕರಾರು ತೆಗೆಯುತ್ತಿದ್ದಳು.

ಒಪ್ಪಿಗೆ ಬೇಕೆಂದಾಗ ಬರುವುದಿಲ್ಲ. ಕೆಲವು ದಿನ ಕಾದೆ. ಒಂದು ಸಂಜೆ ಶೇಷಪ್ಪ ಬಂದಿದ್ದ. ನಡುಮನೆಯಲ್ಲಿ, ಎರಡೂ ಸ್ಪೀಕರಿಗೆ ಸಮದೂರದ ಬೆತ್ತದ ಕುರ್ಚಿಯಲ್ಲಿ ಕೂತು ಊರ ಸುದ್ದಿ ಹೇಳಿ ಮುಗಿಸಿ, ಚಪ್ಪಲಿ ಮೆಟ್ಟಲು ಎದ್ದ. ನಮಗಿಬ್ಬರಿಗೂ ಏಕಕಾಲಕ್ಕೆ ಬಾಯಿಗೆ ಬಂತು: "ಊಟ ಮಾಡ್ಕೊಂಡು ಹೋಗೋ!"

ಬೀದಿಯ ದೀಪದ ಕಂಬದ ಮೇಲಿದ್ದ ಕಾಗೆ ಹಾರಿತು. ಅಷ್ಟು ಸ್ಪಷ್ಟವಾಗಿ, ಅಷ್ಟು ಗಟ್ಟಿಯಾಗಿ ಕೇಳಿಸಿತು. "ಏನ್ರೀ ಪಂಕಜಮ್ಮಾ!" ಎಂದು ಗೋಡೆಯಾಚೆ ಆಗಲೇ ಶುರುವಾಯಿತು.

"ಕೇಳಿಸ್ತು, ಕೇಳಿಸ್ತು. ಕಿರಚ್ಬೇಡಿ, ಉಣ್ತೀನಿ" ಎಂದು ಶೇಷಪ್ಪ ಮತ್ತೆ ಕೂತ.

ನಾನು ದಂಗಾಗಿ ಎಡ ಸ್ಪೀಕರಿನತ್ತ ನೋಡಿದೆ. ಪಂಕಜ, ಅಷ್ಟೇ ದಂಗಾಗಿ, ಬಲ ಸ್ಪೀಕರಿನತ್ತ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದು ಅವಳ ಸ್ಪೀಕರಿನ ಹಿಂದೆ ಹೋಗಿ ಬಗ್ಗಿದೆ. ಕೆಂಪು ತಂತಿ ಕಪ್ಪು ತಿರುಪಿನಲ್ಲಿತ್ತು. ತಿರುಪಿನ ಮೇಲೆ ಹಪ್ಪಳದ ಹಿಟ್ಟು ಮೆತ್ತಿದ ಹೆಬ್ಬೆರಳ ಗುರುತು.

"ಇದೇನೇ?" ಎಂದೆ.

ಅವಳು ಅಷ್ಟು ಹೊತ್ತಿಗೆ ನನ್ನ ಸ್ಪೀಕರಿನ ಹಿಂದೆ ಬಗ್ಗಿದ್ದಳು. "ನಿಮ್ದೇನಿದು?" ಎಂದಳು. ಆಮೇಲೆ ತಾನೇ ಲೆಕ್ಕ ಹಾಕಿದಳು: "ಇಬ್ರೂ ತಿರುಗಿಸಿದ್ರೆ ಮತ್ತೆ ಸರಿಯೇ ಆಗೋಗುತ್ತಲ್ರೀ, ಯಾರಾದ್ರೂ ಒಬ್ರೇ ತಿರುಗಿಸಬೇಕಿತ್ತು."

"ಹಾಗಾದ್ರೆ ನಿಂದು ಹಾಗೇ ಇರ್ಲಿ. ನಂದು ಸರಿಮಾಡ್ಕೋತೀನಿ."

"ಬೇಡ, ನಿಮ್ದೇ ಇರ್ಲಿ. ನಾನು ಸರಿಮಾಡ್ಕೋತೀನಿ."

"ನೀನೇ ಮೊದಲು ಮಾಡಿರ್ತೀಯ."

"ನಿಮಗೆ ಬಗ್ಗೋಕೆ ಕಷ್ಟ."

ಮಾತು ಬೆಳೆಯಿತು. ಎಷ್ಟೋ ವರ್ಷಗಳಿಂದ ಅಂಥ ಹುರುಪಿನ ಜಗಳ ನಮ್ಮಲ್ಲಿ ಆಗಿರಲಿಲ್ಲ. ಹಠ ಸಾಧಿಸಲು ನಾನು ನನ್ನ ಸ್ಪೀಕರಿಗೆ ಮರಳಿ ತಿರುಪು ಸಡಿಲಿಸಿದೆ. ಆಕೆ ತನ್ನದಕ್ಕೆ ಹೋಗಿ ತನ್ನದನ್ನು ಸಡಿಲಿಸಿದಳು. ತಂತಿಗಳು ಎರಡೂ ಕಡೆ ಒಟ್ಟಿಗೆ ಕಳಚಿಬಂದವು. ಮನೆ ಥಟ್ಟನೆ ಸ್ತಬ್ಧವಾಯಿತು. ಸ್ಪೀಕರಿನ ಮರೆಯಿಂದ ಇಣುಕಿದೆ. ಆ ಬದಿಯಿಂದ ಅವಳೂ ಇಣುಕಿದಳು. ಅವಳ ಕೈಯಲ್ಲಿ ಕೆಂಪು ತಂತಿ, ನನ್ನ ಕೈಯಲ್ಲೂ ಕೆಂಪೇ. ಅವಳ ತುಟಿ ಆಡುತ್ತಿತ್ತು, ನನ್ನದೂ.

ನಡುವಿನ ಕುರ್ಚಿಯಲ್ಲಿ ಕೂತಿದ್ದ ಶೇಷಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಏನಕ್ಕಾ, ಇಷ್ಟು ಬೇಗ ಒಪ್ಪಿಬಿಟ್ರಾ?" ಎಂದ.